ಲಿಫ್ಟಣ್ಣನ ಅಡುಗೆ ಕಟ್ಟೆ

"ಅಷ್ಟೆತ್ತರದ ಕಟ್ಟಡದ ಜನಾನೆಲ್ಲ ಒಂದೇ ಪೆಟ್ಟಿಗೇಲಿ ಮೇಲಕ್ಕೂ ಕೆಳಕ್ಕೂ ಸಾಗಿಸೋನು ನಾನು! ಒಂದು ಅಡುಗೆಮನೇಲಿ ಇಬ್ಬರು ಹೆಂಗಸರನ್ನ ಸಂಭಾಳಿಸೋಕೆ ಆಗಲ್ವಾ ನನ್ನ ಕೈಲಿ?"

ಹೀಗಂತ ಲಿಫ್ಟು ರಿಪೇರಿಯ ಲಿಫ್ಟಣ್ಣ ಎದೆ ತಟ್ಟಿ ಘೋಷಿಸಿದಾಗ ಆ ಇಬ್ಬರು ಹೆಂಗಸರೂ ಅಲ್ಲಿರಲಿಲ್ಲ. ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನೀವೂ ನಾನೂ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಈ ವೀರವಾಣಿಯನ್ನು ಕೇಳಿಸಿಕೊಂಡದ್ದು ಗಾರೆ ಮೇಸ್ತ್ರಿ ಒಬ್ಬನೇ. ಅವನು ಕರಣೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ.

"ಅದೆಲ್ಲ ಸರಿ ಸಾರ್. ಕಟ್ಟೆ ಎತ್ತರ ಎಷ್ಟು ಅಂತ ಹೇಳಿ. ಕಲಸಿದ ಸಿಮೆಂಟು ಗಟ್ಟಿಯಾಗ್ತಿದೆ."

ಸಮಸ್ಯೆ ಇದ್ದದ್ದೇ ಅಲ್ಲಿ! ಹಳೆಯ ಅಡುಗೆ ಕಟ್ಟೆ ಬಿರುಕು ಬಿಟ್ಟಿತ್ತು ಅಂತ ಒಡೆಸಿದ್ದಾಯಿತು. ಹೊಸದು ಎಷ್ಟೆತ್ತರ ಇರಬೇಕು ಅನ್ನುವುದರಲ್ಲಿ ಮನೆ ಎರಡು ಹೋಳಾಗಿತ್ತು. ಲಿಫ್ಟಣ್ಣನ ಹೆಂಡತಿ ಶಾಲೆಯಲ್ಲಿ ಆಟ ಕಲಿಸುವ ಟೀಚರು. ಬಾಗಿಲು ದಾಟುವಾಗೆಲ್ಲ ತಲೆ ಬಗ್ಗಿಸುವಷ್ಟು ಎತ್ತರ. ತಾಯಿಯೋ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಿಯಾದವರು. ಎಷ್ಟು ಗಿಡ್ಡ ಅಂದರೆ, ವಾರ್ಡಿನಲ್ಲಿ ಮಲಗಿದ ರೋಗಿಗಳಿಗೆ ಮೊದಲು ಅವರ ದನಿ ಕೇಳಿಸಿ, ಆಮೇಲೆ ಮಂಚದ ಅಂಚಿನಲ್ಲಿ ಅವರ ಟೋಪಿ ಕಾಣಿಸುತ್ತಿತ್ತಂತೆ. ಆದರೆ ಆ ದನಿಗೆ ಡಾಕ್ಟರುಗಳೂ ಎದ್ದು ನಿಲ್ಲುತ್ತಿದ್ದರು.

"ರೀ, ಕಟ್ಟೆ ನನ್ನ ಸೊಂಟದ ಮಟ್ಟಕ್ಕೆ ಇರಲಿ" ಅಂತ ಹೆಂಡತಿ ಹಳೆಯ ಕಟ್ಟೆ ಒಡೆಸಿದ ರಾತ್ರಿಯೇ ಹೇಳಿದ್ದಳು. "ಬಗ್ಗಿ ಬಗ್ಗಿ ಬೆನ್ನು ಹೋಗಿದೆ. ಶಾಲೇಲಿ ಮಕ್ಕಳಿಗೆ 'ನೆಟ್ಟಗೆ ನಿಂತ್ಕೊಳ್ರೋ' ಅಂತೀನಿ, ಮನೇಲಿ ನಾನೇ ಛತ್ರಿ ಹಿಡಿ ಥರ ಬಾಗಿರ್ತೀನಿ. ಆದ್ರೆ ಬೆನ್ನುನೋವು ಅಂತ ಅತ್ತೆಗೆ ಹೇಳ್ಬೇಡಿ! ಆಟದ ಟೀಚರಿಗೇ ಬೆನ್ನುನೋವು ಅಂದ್ರೆ ಮರ್ಯಾದೆ ಏನಾಗಬೇಡ?"

"ನೀನು ಹೇಳೋದೇ ಸರಿ ಕಣೇ" ಅಂದಿದ್ದ ಲಿಫ್ಟಣ್ಣ.

ಮರುದಿನ ಬೆಳಿಗ್ಗೆ ತಾಯಿ ಅವನನ್ನು ಬಾಲ್ಕನಿಗೆ ಕರೆದು ಬಾಗಿಲು ಮುಂದೆ ಮಾಡಿದ್ದರು. "ನೋಡಪ್ಪಾ, ಕಟ್ಟೆ ತಗ್ಗಾಗಿರಲಿ. ಎತ್ತರ ಆದ್ರೆ ಕುದಿಯೋ ಪಾತ್ರೆ ನನ್ನ ಮುಖದ ಮುಂದೆ ಬರತ್ತೆ. ಒಳಗೇನಿದೆ ಅಂತ ಕಾಣಲ್ಲ. ಮೊದಲಾಗಿದ್ರೆ ನಡೀತಿತ್ತು. ಈಗ ಕೈ ಸ್ವಲ್ಪ ನಡುಗತ್ತೆ ಕಣೋ. ಮೇಲಕ್ಕೆ ಕೈ ಚಾಚಿ ಬಿಸಿ ಪಾತ್ರೆ ಇಳಿಸೋಕೆ ಭಯ." ದನಿ ತಗ್ಗಿಸಿ ಸೇರಿಸಿದ್ದರು. "ಇದನ್ನ ಅವಳಿಗೆ ಹೇಳ್ಬೇಡ. ಇಡೀ ಆಸ್ಪತ್ರೆಗೆ ಸೂಜಿ ಚುಚ್ಚಿದ ಕೈ ಇದು."

"ನೀನು ಹೇಳೋದೇ ಸರಿ ಅಮ್ಮ."

ಪುಣ್ಯಾತ್ಮ, ಕೊಟ್ಟ ಮಾತಿಗೆ ತಪ್ಪುವವನಲ್ಲ! ಹೆಂಡತಿಯ ಬೆನ್ನನ್ನು ತಾಯಿಯಿಂದಲೂ, ತಾಯಿಯ ಕೈಯನ್ನು ಹೆಂಡತಿಯಿಂದಲೂ ಬಚ್ಚಿಟ್ಟ. ಮೇಲಾಗಿ ಆಚೆ ಮಾತು ಈಚೆ ಸಾಗಿಸುವಾಗ ತಾನೇ ಒಂಚೂರು ಒಗ್ಗರಣೆ ಹಾಕಿದ. ತಾಯಿಗೆ, "ಅವಳಿಗೆ ಎತ್ತರದ ಕಟ್ಟೆ ಅಂದ್ರೆ ಇಷ್ಟ ಅಮ್ಮ, ನೋಡೋಕೆ ಚೆನ್ನಾಗಿರತ್ತಂತೆ" ಅಂದ. ಹೆಂಡತಿಗೆ, "ಅಮ್ಮನಿಗೆ ತಗ್ಗು ಕಟ್ಟೆ ಹಳೇ ಅಭ್ಯಾಸ ಕಣೇ" ಅಂದ. ಹೀಗಾಗಿ ಅತ್ತೆಯ ಕಣ್ಣಲ್ಲಿ ಸೊಸೆ ಶೋಕಿಯವಳಾದಳು. ಸೊಸೆಯ ಕಣ್ಣಲ್ಲಿ ಅತ್ತೆ ಹಟಮಾರಿಯಾದರು. ಇಬ್ಬರ ಕಣ್ಣಲ್ಲೂ ಲಿಫ್ಟಣ್ಣ ಮಾತ್ರ ಚಿನ್ನದಂಥ ಮನುಷ್ಯ! ಹೆಂಡತಿ ಕೊಟ್ಟ ಕಾಫಿಯ ಲೋಟ ಕೆಳಗಿಡುವಷ್ಟರಲ್ಲಿ ತಾಯಿಯ ಕಾಫಿ ಬರುತ್ತಿತ್ತು. ತನ್ನ ಕಡೆಯವನನ್ನು ಚೆನ್ನಾಗಿ ನೋಡಿಕೊಳ್ಳಬೇಕಲ್ಲ!

ಹಾಗಂತ ಅವನು ಕಾಫಿಯ ಆಸೆಗೆ ಜಗಳ ಬೆಳೆಸಿದ ಅಂದುಕೊಳ್ಳಬೇಡಿ. ರಾತ್ರಿ ಪಾಳಿ ಮುಗಿಸಿ ಬಂದು, ಕಣ್ಣು ಎಳೆಯುತ್ತಿದ್ದರೂ ತಲೆ ಬಾಚಿ ಶಾಲೆಗೆ ಕಳಿಸಿದ ತಾಯಿ ಅವರು. ಇವಳೋ, ಸಂಬಳ ಬರದ ತಿಂಗಳಲ್ಲೂ ಒಂದು ಮಾತು ಆಡದೆ ಸಂಸಾರ ತೂಗಿಸಿದ ಹೆಂಡತಿ. ಇಬ್ಬರಲ್ಲಿ ಒಬ್ಬರಿಗೆ 'ಇಲ್ಲ' ಅನ್ನಲು ಅವನಿಗೆ ಬಾಯೇ ಬರುತ್ತಿರಲಿಲ್ಲ.

"ಮೇಸ್ತ್ರಿ, ನೀವು ಮನೆಗೆ ಹೋಗಿ" ಅಂದ ಲಿಫ್ಟಣ್ಣ. "ಕಟ್ಟೆ ನಾನೇ ಮಾಡ್ತೀನಿ. ಎತ್ತರಾನೂ ಇರತ್ತೆ, ತಗ್ಗೂ ಇರತ್ತೆ!"

ಮೇಸ್ತ್ರಿ ಅವನನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, ಸಿಮೆಂಟಿನ ಬಾಂಡಲಿ ಎತ್ತಿಕೊಂಡು ಹೊರಟ.

ಆಮೇಲೆ ನಡೆದದ್ದು ವಿಜ್ಞಾನದ ಇತಿಹಾಸದಲ್ಲಿ ಚಿನ್ನದ ಅಕ್ಷರದಲ್ಲಿ ಬರೆಯಬೇಕಾದ ಕೆಲಸ. ಬರೆಯುವವರು ಸಿಕ್ಕಲಿಲ್ಲ, ಅಷ್ಟೇ! ದಪ್ಪ ಸ್ಟೀಲಿನ ಹಾಳೆ, ನಾಲ್ಕು ಮೂಲೆಗೆ ಕಾರು ಎತ್ತುವ ಜಾಕಿನಂಥ ತಿರುಪುಗಳು, ಪಕ್ಕದಲ್ಲಿ ಒಂದು ಹಿಡಿ. ಹಿಡಿಯನ್ನು ಹೀಗೆ ತಿರುಗಿಸಿದರೆ ಕಟ್ಟೆ ಮೇಲಕ್ಕೆ, ಹಾಗೆ ತಿರುಗಿಸಿದರೆ ಕೆಳಕ್ಕೆ. ಕಟ್ಟೆಯ ಮೇಲೆ ಕರೆಂಟ್ ಒಲೆ. ಹೆಂಡತಿಯ ಸರದಿಗೆ ಅವಳ ಸೊಂಟದ ಮಟ್ಟ, ತಾಯಿಯ ಸರದಿಗೆ ಅವರ ಸೊಂಟದ ಮಟ್ಟ. ಮೊದಲ ದಿನ ಇಬ್ಬರೂ ಚಪ್ಪಾಳೆ ತಟ್ಟಿದರು. ಲಿಫ್ಟಣ್ಣ ಮೀಸೆ ತಿರುವಿದ.

ಮೀಸೆ ತಿರುವಿದ ಬೆರಳು ಇನ್ನೂ ಕೆಳಗಿಳಿದಿರಲಿಲ್ಲ, ಹೊಸ ರಗಳೆ ಶುರುವಾಯಿತು.

"ರೀ, ಅತ್ತೆ ಅವರ ಅಡುಗೆ ಆದ್ಮೇಲೆ ಕಟ್ಟೆ ಏರಿಸೋದೇ ಇಲ್ಲ. ನಾನು ಬಂದು ತಿರುಗಿಸ್ಬೇಕು."

"ಮಗನೇ, ಅವಳು ಬೆಳಿಗ್ಗೆ ಕಟ್ಟೆ ಇಳಿಸದೇ ಶಾಲೆಗೆ ಹೋಗ್ತಾಳೆ. ನಾನು ತಿರುಗಿಸ್ಬೇಕು."

"ನೀನು ಹೇಳೋದೇ ಸರಿ" ಅಂತ ಇವನು ಎರಡೂ ಕಡೆ ಹೇಳಿ ಮುಗಿಸುವಷ್ಟರಲ್ಲಿ ಹಾಲಿನ ಪ್ರಕರಣ ನಡೆದೇ ಹೋಯಿತು. ತಾಯಿ ಹಾಲಿಟ್ಟು, ಉಕ್ಕುವುದಕ್ಕೆ ಮುಂಚೆ ಒಂದು ಫೋನ್ ಮುಗಿಸೋಣ ಅಂತ ಆಚೆ ಹೋಗಿದ್ದರು. ಶಾಲೆಗೆ ತಡವಾದ ಸೊಸೆ ಧಾವಿಸಿ ಬಂದು, ಪಾತ್ರೆ ಇದೆ ಅಂತಲೂ ನೋಡದೆ ಹಿಡಿ ತಿರುಗಿಸಿದಳು. ಕಟ್ಟೆ ಏರಿತು. ಹಾಲೂ ಏರಿತು! ಅವಸರದಲ್ಲಿ ಅಲುಗಾಡಿದ ಪಾತ್ರೆ ಅಷ್ಟೆತ್ತರದಿಂದ ಇಳಿದು ಅಡುಗೆಮನೆ, ನಡುಮನೆ, ಲಿಫ್ಟಣ್ಣನ ಹೊಸ ಬೂಟು, ಎಲ್ಲಕ್ಕೂ ಅಭಿಷೇಕ ಮಾಡಿತು.

ಯಾರಿಗೂ ಸುಡಲಿಲ್ಲ, ದೇವರು ದೊಡ್ಡವನು. ತಾಯಿ ಜಗಳವನ್ನೂ ಮಾಡಲಿಲ್ಲ. ಒರೆಸುವ ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿ, ಮಗನನ್ನು ಕರೆದರು.

"ಭಾನುವಾರ ನಿನ್ನ ಅಕ್ಕ ಬರ್ತಾಳೆ. ಅವತ್ತು ಮಧ್ಯಾಹ್ನದ ಅಡುಗೆ ನಂದು. ಶುರುವಿಂದ ಕೊನೇವರೆಗೂ ನನ್ನ ಕೈಯಾರೆ. ಅದಾದ್ರೆ ಇಲ್ಲೇ ಇರ್ತೀನಿ. ಒಂದು ಹೊತ್ತು ಅಡುಗೆ ಮಾಡೋಕೂ ಆಗದಿದ್ರೆ ನಾನು ಈ ಮನೇಲಿ ನೆಂಟಳು ಅಂತ ಅರ್ಥ. ನೆಂಟಳಾಗೋದಾದ್ರೆ ಮಗಳ ಮನೇಲಿ ಆಗ್ತೀನಿ. ಅವಳ ಜೊತೇಲೇ ಹೊರಡ್ತೀನಿ."

ತಾಯಿ ಕೂಗಾಡಿದರೆ ಲಿಫ್ಟಣ್ಣನಿಗೆ ಭಯವಿಲ್ಲ. ಹೀಗೆ ವಾರ್ಡಿನಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದರೆ ಮುಗಿಯಿತು, ಹೇಳಿದ್ದನ್ನು ಮಾಡಿಯೇ ತೀರುತ್ತಾರೆ. ತಾಯಿ ಇಲ್ಲದ ಮನೆಯನ್ನು ನೆನೆಸಿಕೊಂಡ.

ಆಗ ಹೊಳೆಯಿತು ಬೀಗದ ಉಪಾಯ! ಲಿಫ್ಟು ರಿಪೇರಿಯವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಯಾರು ಕೆಲಸಕ್ಕೆ ಇಳಿಯುತ್ತಾರೋ ಅವರು ಮೊದಲು ಯಂತ್ರ ನಿಲ್ಲಿಸಿ, ತಮ್ಮದೇ ಬೀಗ ಜಡಿದು, ಕೀಲಿಯನ್ನು ತಮ್ಮ ಜೇಬಿಗೇ ಹಾಕಿಕೊಳ್ಳಬೇಕು. ಬೇರೆ ಯಾರೂ, ಸ್ವತಃ ಕಂಪನಿ ಮಾಲೀಕ ಬಂದರೂ, ಅದನ್ನು ಮುಟ್ಟುವ ಹಾಗಿಲ್ಲ. ಒಳಗೆ ಕೆಲಸ ಮಾಡುವವನ ಪ್ರಾಣ ಆ ಕೀಲಿಯಲ್ಲಿರುತ್ತದೆ. ಲಿಫ್ಟಣ್ಣ ಕಟ್ಟೆಯ ಹಿಡಿಗೆ ಒಂದು ಕೊಂಡಿ ಬೆಸೆದ. ಹೆಂಡತಿಗೆ ಕೆಂಪು ಬೀಗ, ತಾಯಿಗೆ ನೀಲಿ ಬೀಗ. "ಅಡುಗೆ ಮಾಡೋರು ಅವರವರ ಬೀಗ ಹಾಕಿ. ಮುಗಿಯೋವರೆಗೂ ಹಿಡಿ ಅಲ್ಲಾಡಲ್ಲ!" ತಾನೂ ಒಂದು ಹಳದಿ ಬೀಗ ಇಟ್ಟುಕೊಂಡ, ರಿಪೇರಿಗೆ.

ಭಾನುವಾರ ಬೆಳಿಗ್ಗೆ ಅವನಿಗಿಂತ ಖುಷಿಯಾದ ಮನುಷ್ಯ ಈ ಭೂಮಿ ಮೇಲೆ ಇರಲಿಲ್ಲ. ಅಮ್ಮನ ಅಡುಗೆಗೆ ಒಂದು ಕಿರುಗುಟ್ಟುವ ಸದ್ದೂ ಅಡ್ಡ ಬರಬಾರದು ಅಂತ ತಿರುಪುಗಳಿಗೆ ಎಣ್ಣೆ ಹಾಕಲು ನಿಂತ. ಕೆಳಗೆ ನುಸುಳಬೇಕಲ್ಲ, ಕಟ್ಟೆಯನ್ನು ಅದು ಏರುವಷ್ಟೂ ಏರಿಸಿದ. ತಾನು ಕೆಳಗಿರುವಾಗ ಯಾರಾದರೂ ಇಳಿಸಿಬಿಟ್ಟರೆ? ಹಳದಿ ಬೀಗ ಜಡಿದ. ಕೀಲಿ ಜೇಬಿಗೆ. ಎಣ್ಣೆ ಹಾಕಿ ಮುಗಿಸಿ ಹೊರಗೆ ತೆವಳುತ್ತಿದ್ದ ಹಾಗೇ ಫೋನ್ ಬಂತು. ದೊಡ್ಡ ಕಟ್ಟಡದಲ್ಲಿ ಲಿಫ್ಟು ನಿಂತಿದೆ, ಒಳಗೆ ಜನ ಸಿಕ್ಕಿಬಿದ್ದಿದ್ದಾರೆ, ಬೇಗ ಬಾ!

ಓಡಿದ. ಜೇಬಿನಲ್ಲಿ ಕೀಲಿಯೂ ಓಡಿತು.

ಅಲ್ಲಿ ನೋಡಿದರೆ ಎರಡು ಅಂತಸ್ತಿನ ನಡುವೆ ಲಿಫ್ಟು ನಿಂತಿದೆ. ಒಳಗೆ ಇಬ್ಬರು. ಬಿಸಿಲು ಕಾಯಿಸಲು ಮಹಡಿಗೆ ಹೊರಟ ಅಜ್ಜ ಒಬ್ಬರು, ಬಸ್ಸು ಹಿಡಿಯಲು ಕೆಳಗೆ ಹೊರಟ ಹೆಂಗಸು ಒಬ್ಬರು.

"ಮೊದಲು ಮೇಲಕ್ಕೆ ತಗೊಳ್ಳಪ್ಪಾ! ಬಿಸಿಲು ಹೋಗತ್ತೆ!" ಅಂತ ಅಜ್ಜ.

"ಕೆಳಗೆ ಇಳಿಸ್ರೀ! ಬಸ್ಸು ಹೋಗತ್ತೆ!" ಅಂತ ಹೆಂಗಸು.

"ನೀವು ಹೇಳೋದೇ ಸರಿ" ಅಂತ ಬಾಗಿಲ ಸಂದಿಯಲ್ಲಿ ಕೂಗಿದ ಲಿಫ್ಟಣ್ಣ. ಯಾರಿಗೆ ಅಂತ ಅವನಿಗೂ ಗೊತ್ತಿರಲಿಲ್ಲ. ಲಿಫ್ಟಿನ ಯಂತ್ರಕ್ಕೂ ತನ್ನ ಇನ್ನೊಂದು ಬೀಗ ಜಡಿದು ಕೆಲಸಕ್ಕೆ ಇಳಿದ. ಅಷ್ಟರಲ್ಲಿ ಫೋನು. ತಾಯಿ!

"ಅಮ್ಮ, ನೀನು ಹೇಳೋದೇ ಸರಿ."

"ನಾನಿನ್ನೂ ಏನೂ ಹೇಳೇ ಇಲ್ಲ! ಕಟ್ಟೆ ಯಾಕೋ ಗಲ್ಲದ ಮಟ್ಟಕ್ಕಿದೆ? ಹಿಡಿಗೆ ಹಳದಿ ಬೀಗ ಯಾಕಿದೆ?"

ಜೇಬಿಗೆ ಕೈ ಹಾಕಿದ. ಕೀಲಿ ತಣ್ಣಗೆ ಬೆರಳಿಗೆ ತಗುಲಿತು. "ಅಮ್ಮಾ... ಅದು..." ಅಂತ ತೊದಲುವಷ್ಟರಲ್ಲಿ ಫೋನು ಹೆಂಡತಿಯ ಕೈಗೆ ಹೋಗಿತ್ತು.

"ರೀ, ಕೀ ಎಲ್ಲಿ?"

"ನನ್ ಹತ್ರ."

"ಬನ್ನಿ."

"ಬರೋ ಹಾಗಿಲ್ಲ ಕಣೇ. ಒಳಗೆ ಜನ ಇದಾರೆ. ಅರ್ಧಕ್ಕೆ ಬಿಟ್ಟು ಬರೋಕಾಗತ್ತಾ?"

"ಬೀಗ ಒಡೀಲಾ?"

"ಒಡೆಯೋಕಾಗತ್ತೇನೇ ಅದನ್ನ! ಸುತ್ತಿಗೆ ಮುರಿಯತ್ತೆ, ಬೀಗ ಮುರಿಯಲ್ಲ!" ಅಂದ. ಆ ಹೊತ್ತಲ್ಲೂ ದನಿಯಲ್ಲಿ ಒಂಚೂರು ಹೆಮ್ಮೆ ಇತ್ತು ನೋಡಿ!

ಹೆಂಡತಿ ದನಿ ತಗ್ಗಿಸಿದಳು. "ಅತ್ತೆ ಬೈತಾನೂ ಇಲ್ಲ ರೀ. ಹೆಚ್ಚಿದ ತರಕಾರಿ ಮುಂದಿಟ್ಕೊಂಡು ಸುಮ್ಮನೆ ಕೂತಿದಾರೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ನಂಗೆ ಕೈಕಾಲೇ ಆಡ್ತಿಲ್ಲ."

"ಅವರಿಗೆ ಹೇಳು, ನಾನು..."

"ನೀವೇ ಹೇಳಿ!" ಅನ್ನುವಷ್ಟರಲ್ಲಿ ಫೋನಿನ ಚಾರ್ಜು ಖಾಲಿಯಾಗಿ ಟುಸ್ಸೆಂದಿತು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಸಾಗಿಸುವ ಸೇವೆ ಅವತ್ತು ಮೊದಲ ಸಲ ಸ್ಥಗಿತಗೊಂಡಿತು.

ಲಿಫ್ಟು ಸರಿಯಾಯಿತು. ಅಜ್ಜ ಮೇಲೆ ಹೋದರು, ಹೆಂಗಸು ಕೆಳಗೆ ಹೋದರು, ಲಿಫ್ಟಣ್ಣ ಪಾತಾಳಕ್ಕೆ ಇಳಿದ ಮುಖ ಹೊತ್ತು ಮನೆಗೆ ಹೊರಟ. ಊಟದ ಹೊತ್ತು ಆಗಲೇ ಮೀರಿತ್ತು. ದಾರಿಯುದ್ದಕ್ಕೂ ಅವನ ಕಣ್ಣಿಗೆ ಕಟ್ಟಿದ್ದು ಒಂದೇ, ತಾಯಿಯ ಖಾಲಿ ಕೋಣೆ. ಮನೆ ತಲುಪಿದರೆ ಬಾಗಿಲಲ್ಲಿ ಅಕ್ಕನ ಚಪ್ಪಲಿ. ಒಳಗಿಂದ ಒಂದು ಸದ್ದು. ಅಳುವೇ ಇರಬೇಕು ಅಂದುಕೊಂಡ. ಕಿವಿಗೊಟ್ಟ.

ನಗು!

ಬಾಗಿಲು ನೂಕಿದ. ಊಟದ ಮೇಜಿನ ಮೇಲೆ ಕರೆಂಟ್ ಒಲೆ ಕೂತಿತ್ತು. ಒಲೆಯ ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಹೆಂಡತಿ ಕುರ್ಚಿಯಲ್ಲಿ ಕಾಲು ಚಾಚಿ, ಬೆನ್ನಿಗೆ ದಿಂಬು ಕೊಟ್ಟು ಆರಾಮಾಗಿ ಕೂತು ಹುಳಿ ಕೈಯಾಡಿಸುತ್ತಿದ್ದಳು. ಪಕ್ಕದಲ್ಲಿ ತಾಯಿ ನಿಂತು ಉಪ್ಪು ಹಾಕುತ್ತಿದ್ದರು. ಕೂತ ಸೊಸೆ, ನಿಂತ ಅತ್ತೆ, ಇಬ್ಬರ ತಲೆಯೂ ಒಂದೇ ಮಟ್ಟದಲ್ಲಿತ್ತು! ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವರಿಬ್ಬರೂ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದ್ದನ್ನು ಅವನು ನೋಡೇ ಇರಲಿಲ್ಲ. ಒಬ್ಬರು ಕತ್ತೆತ್ತಬೇಕಿತ್ತು, ಇನ್ನೊಬ್ಬರು ಕತ್ತು ಬಗ್ಗಿಸಬೇಕಿತ್ತು.

"ಒಲೆ... ಒಲೆ ಹೇಗೆ ಇಳೀತು?"

"ಹೇಗೆ ಅಂದ್ರೆ? ಸ್ಟ್ರೆಚರಿಂದ ರೋಗೀನ ಮಂಚಕ್ಕೆ ಸಾಗಿಸಲ್ವಾ, ಹಾಗೆ" ಅಂದರು ತಾಯಿ. "ನಾನು 'ಒಂದು, ಎರಡು, ಮೂರು' ಅಂದೆ, ಇವಳು ಎತ್ತಿದ್ಲು. ಎತ್ತುವಾಗ 'ಅಯ್ಯೋ' ಅಂದ್ಲು. ಆಗ ಗೊತ್ತಾಯ್ತು ನಂಗೆ!" ಸೌಟು ಮಗನ ಕಡೆ ತಿರುಗಿತು. "ಇವಳಿಗೆ ಬೆನ್ನುನೋವು ಅಂತ ನೀನ್ಯಾಕೆ ಹೇಳ್ಲಿಲ್ಲ?"

"ಅವಳೇ ಹೇಳ್ಬೇಡಿ ಅಂದಿದ್ಲು ಅಮ್ಮ!"

"ಹೇಳ್ಬೇಡಿ ಅಂದ್ರೆ ಹೇಳದೇ ಇರೋದಾ?" ಅಂದಳು ಹೆಂಡತಿ. "ಮೊದಲು ಇದಕ್ಕೆ ಉತ್ತರ ಕೊಡಿ. ಅತ್ತೆಗೆ ಕೈ ನಡುಗತ್ತೆ ಅಂತ ನಂಗ್ಯಾಕೆ ಹೇಳ್ಲಿಲ್ಲ? ಪಾತ್ರೆ ಇಳಿಸುವಾಗ ನಾನೇ ನೋಡ್ದೆ. ಎಷ್ಟು ದಿನದಿಂದ ಹೀಗೆ ಅಂತ ಕೇಳಿದ್ರೆ, ನಿಮಗೆ ಗೊತ್ತಂತೆ!"

"ಅಮ್ಮಾನೇ ಹೇಳ್ಬೇಡ ಅಂದಿದ್ರು!"

"ನಾನು ಅಂದ್ರೆ ನಿನಗೆ ಬುದ್ಧಿ ಬೇಡ್ವಾ?" ಅಂದರು ತಾಯಿ.

ಕೊಟ್ಟ ಮಾತು ಉಳಿಸಿಕೊಂಡದ್ದಕ್ಕೆ, ಮಾತು ಕೊಡಿಸಿಕೊಂಡವರಿಂದಲೇ ಉಗಿಸಿಕೊಂಡ ಮನುಷ್ಯ ಇನ್ನೊಬ್ಬ ಇದ್ದರೆ ತೋರಿಸಿ! ಅಕ್ಕ ಮೂಲೆಯಲ್ಲಿ ತಟ್ಟೆ ಒರೆಸುತ್ತಾ ಮುಸಿಮುಸಿ ನಗುತ್ತಿದ್ದಳು.

"ಇನ್ನೊಂದು ವಿಷಯ" ಅಂದರು ತಾಯಿ. "ಇವಳಿಗೆ ನೋಡೋಕೆ ಚೆಂದ ಅಂತ ಎತ್ತರದ ಕಟ್ಟೆ ಬೇಕು ಅಂದಿದ್ಯಲ್ಲ, ಆ ಚೆಂದ ಯಾರು ಕಂಡುಹಿಡಿದಿದ್ದು?"

"ನನಗೆ 'ಅಮ್ಮನಿಗೆ ಹಳೇ ಅಭ್ಯಾಸ' ಅಂದಿದ್ರಲ್ಲ, ಅದು?" ಅಂದಳು ಹೆಂಡತಿ.

"ಇಬ್ಬರಿಗೂ ಬೇಜಾರಾಗಬಾರದು ಅಂತ..."

"ಇಬ್ಬರಿಗೂ ಬೇಜಾರಾಗಿತ್ತು!" ಇಬ್ಬರೂ ಒಟ್ಟಿಗೇ ಅಂದರು. ಅಂದಮೇಲೆ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಗಲು ಶುರು ಮಾಡಿದರು. ತಾಯಿ ನಗುತ್ತಲೇ ಸೊಸೆಯ ಬೆನ್ನ ಹಿಂದಿನ ದಿಂಬು ಸರಿಮಾಡಿದರು. ಸೊಸೆ ಬಿಸಿ ಪಾತ್ರೆ ತಾನೇ ಎತ್ತಿ ಪಕ್ಕಕ್ಕಿಟ್ಟಳು. ಯಾರೂ ಯಾರನ್ನೂ ಕೇಳಲಿಲ್ಲ.

ಲಿಫ್ಟಣ್ಣ ಗೋಡೆಗೆ ಒರಗಿ ನಿಂತ. ಎರಡು ಅಂತಸ್ತಿನ ನಡುವೆ ಕೆಟ್ಟು ನಿಂತ ಆ ಲಿಫ್ಟಿಗೆ ಮನಸ್ಸಿನಲ್ಲೇ ಕೈಮುಗಿದ. ಅದು ಕೆಡದಿದ್ದರೆ ತಾನು ಮನೆಯಲ್ಲೇ ಇರುತ್ತಿದ್ದ. ತಾನು ಮನೆಯಲ್ಲಿದ್ದಿದ್ದರೆ ಇವರಿಬ್ಬರೂ ಮಾತಾಡುತ್ತಲೇ ಇರಲಿಲ್ಲ. ಹೆಂಡತಿಗೆ ಕೃತಜ್ಞತೆ, ತಾಯಿಗೆ ಕೃತಜ್ಞತೆ, ಸತ್ತು ಹೋದ ಫೋನಿಗೂ ಕೃತಜ್ಞತೆ! ಆದರೆ ಒಂದು ಮಾತು ಕೇಳಿ ಖಚಿತ ಮಾಡಿಕೊಳ್ಳುವುದು ಬಾಕಿ ಇತ್ತು. ಕೇಳಲು ಧೈರ್ಯ ಬರಲಿಲ್ಲ. ಅಕ್ಕನೇ ಕೇಳಿದಳು.

"ಸರಿ ಅಮ್ಮ, ಏನು ತೀರ್ಮಾನ? ನನ್ನ ಜೊತೆ ಹೊರಡ್ತೀಯೋ ಇಲ್ವೋ?"

ಸೊಸೆಯ ಕೈಯಲ್ಲಿ ಸೌಟು ನಿಂತಿತು.

ತಾಯಿ ಮಗಳನ್ನು ನೋಡಿದರು, ಸೊಸೆಯನ್ನು ನೋಡಿದರು, ಕೊನೆಗೆ ಗೋಡೆಗೆ ಒರಗಿದ್ದ ಮಗನನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಹೇಗೆ ಬರ್ಲಿ ಹೇಳು! ಇವಳೊಬ್ಬಳನ್ನೇ ಇಂಥವನ ಕೈಗೆ ಬಿಟ್ಟು ಬರೋಕೆ ನಂಗೆ ಮನಸ್ಸು ಬರತ್ತಾ?"

ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ಲಿಫ್ಟಣ್ಣನ ಜನ್ಮದಲ್ಲೇ ಮೊದಲು. ಅವನ ಮುಖ ಊರಗಲವಾಯಿತು. "ಅಮ್ಮಾ, ನೀನು ಹೇಳೋದೇ..." ಅಂತ ಶುರು ಮಾಡಿದವನು ಸೌಟು ಮೇಲೇಳುವುದನ್ನು ಕಂಡು ನಾಲಿಗೆ ಕಚ್ಚಿಕೊಂಡ.

"ಅತ್ತಿಗೆ, ಇಷ್ಟು ದೂರ ಬಂದಿದ್ದೀರಿ, ಬರಿಗೈಲಿ ಹೋಗೋದು ಯಾಕೆ?" ಅಂದಳು ಹೆಂಡತಿ, ಲಿಫ್ಟಣ್ಣನ ಅಕ್ಕನ ಕಡೆ ತಿರುಗಿ. "ಒಂದು ನಾಲ್ಕು ದಿನ ಇವರನ್ನ ಕರ್ಕೊಂಡು ಹೋಗಿ. ನಾವಿಬ್ಬರೂ ಹಾಯಾಗಿರ್ತೀವಿ."

"ಒಳ್ಳೇ ಮಾತು" ಅಂದರು ತಾಯಿ.

ಅಕ್ಕನ ಕೈಯಿಂದ ತಟ್ಟೆ ಜಾರುವುದೊಂದು ಬಾಕಿ. "ಅಯ್ಯಯ್ಯೋ, ಬೇಡಮ್ಮಾ ಬೇಡ!" ಅಂತ ಎರಡೂ ಕೈ ಎತ್ತಿ ಮುಗಿದುಬಿಟ್ಟಳು. "ನಮ್ಮನೇಲಿ ನಾನೂ ನಮ್ಮತ್ತೇನೂ ಚೆನ್ನಾಗಿದೀವಿ!"